ಖಿನ್ನತೆಗೆ ಬೇಕಿರುವುದು ಉಪದೇಶವಲ್ಲ

ಎಂಬತ್ತರ ದಶಕದ ಕೊನೆಯ ಮಾತು. ನಾನು ಮಧ್ಯ ಕರ್ನಾಟಕದ ಒಂದು ಉಪವಿಭಾಗದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ನಮ್ಮ ಕಚೇರಿಯ ಶಿರಸ್ತೇದಾರರು ಶಿಸ್ತಿಗೆ ಹೆಸರಾದವರು. ಪಹಣಿ ತಕರಾರಿನ ಕಡತವೊಂದನ್ನು ಅವರು ಮಂಡಿಸಿದರೆಂದರೆ ಅದರಲ್ಲಿ ಮತ್ತೆ ಹುಡುಕುವಂಥದ್ದು ಏನೂ ಇರುತ್ತಿರಲಿಲ್ಲ. ಅಂಥವರು ನಾಲ್ಕು ತಿಂಗಳ ಅವಧಿಯಲ್ಲಿ ಬೇರೆಯೇ ಮನುಷ್ಯರಾದರು. ಕಚೇರಿಗೆ ತಡವಾಗಿ ಬರತೊಡಗಿದರು. ಮೇಜಿನ ಮೇಲೆ ಟಪಾಲು ಒಡೆಯದೆ ಬಿದ್ದಿರುತ್ತಿತ್ತು. ಸೊಂಟನೋವು, ಹೊಟ್ಟೆಯುರಿ, ತಲೆಭಾರ ಎಂದು ಮೇಲಿಂದ ಮೇಲೆ ರಜೆ ಚೀಟಿ ಬರುತ್ತಿತ್ತು. ಕರೆದು ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಿದ್ದರು. ‘ಏನ್ರೀ ಇದು, ನಿಮ್ಮಂಥವರೇ ಹೀಗೆ ಮಾಡಿದರೆ ಹೇಗೆ? ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂದು ಒಂದೆರಡು ಸಲ ಹೇಳಿದೆ. ಫಲ ಕಾಣದಿದ್ದಾಗ ಕಾರಣ ಕೇಳಿ ನೋಟಿಸ್ ಕೊಟ್ಟೆ. ಅದಕ್ಕೆ ಅವರು ಕೊಟ್ಟ ಸಮಜಾಯಿಷಿ ಇಷ್ಟೇ: ‘ತಪ್ಪಾಗಿದೆ. ನನ್ನ ಕೈಯಲ್ಲಿ ಆಗುತ್ತಿಲ್ಲ.’

ಮೊದಲ ವಾಕ್ಯವನ್ನು ನಾನು ತಪ್ಪೊಪ್ಪಿಗೆಯೆಂದು ಪರಿಗಣಿಸಿದೆ. ಎರಡನೆಯದನ್ನು ಓದಲೇ ಇಲ್ಲವೆನ್ನಬೇಕು. ನನ್ನ ಶಿಫಾರಸಿನ ಮೇಲೆ ಅವರ ಒಂದು ವಾರ್ಷಿಕ ವೇತನ ಬಡ್ತಿಯನ್ನು ತಡೆಹಿಡಿಯಲಾಯಿತು. ಮರುವರ್ಷ ಅವರು ಸ್ವಯಂ ನಿವೃತ್ತಿ ಪಡೆದು ಹೋದರು. ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದ ನೌಕರನೊಬ್ಬನ ಕೆಲಸ ಹಠಾತ್ತನೆ ಕುಸಿದರೆ ಅದಕ್ಕೊಂದು ಕಾರಣ ಇರಲೇಬೇಕೆಂಬ ಸಾಮಾನ್ಯ ತರ್ಕವೂ ಅಂದು ನನಗೆ ಹೊಳೆಯಲಿಲ್ಲ. ಸೋಮಾರಿತನ ಎಂಬ ಪದ ಕೈಗೆ ಸಿಕ್ಕಿತ್ತು; ಅಷ್ಟು ಸಾಕಾಯಿತು.

ಅವರಿಗಿದ್ದುದು ಖಿನ್ನತೆಯೆಂಬ ಕಾಯಿಲೆ ಎಂಬ ಸಂಶಯ ನನಗೆ ಬರಲು ಮೂವತ್ತು ವರ್ಷ ಬೇಕಾಯಿತು. ಅದೂ ನನಗೇ ಆ ಕಾಯಿಲೆ ಬಂದ ಮೇಲೆ.

ನಿವೃತ್ತನಾದ ಎರಡನೆಯ ವರ್ಷ ನನಗೆ ಬೆಳಗಿನ ಮೂರು ಗಂಟೆಗೆ ಎಚ್ಚರವಾಗತೊಡಗಿತು. ಮತ್ತೆ ನಿದ್ರೆ ಹತ್ತುತ್ತಿರಲಿಲ್ಲ. ಊಟ ರುಚಿಸದಾಯಿತು. ಹೊಟ್ಟೆಯಲ್ಲಿ ಸದಾ ಏನೋ ಹಿಂಡಿದಂತಾಗುತ್ತಿತ್ತು. ದಿನಕ್ಕೆ ಮೂರು ಪತ್ರಿಕೆ ಓದುತ್ತಿದ್ದವನಿಗೆ ಒಂದರ ಮುಖಪುಟ ದಾಟುವುದೂ ಕಷ್ಟವಾಯಿತು. ಬ್ಯಾಂಕಿನ ಅರ್ಜಿಯೊಂದಕ್ಕೆ ಸಹಿ ಹಾಕುವ ಕೆಲಸ ಎರಡು ವಾರ ಉಳಿಯಿತು. ಅಳು ಬರುತ್ತಿರಲಿಲ್ಲ, ದುಃಖವಾಗುತ್ತಿದೆ ಎಂದೂ ಅನಿಸುತ್ತಿರಲಿಲ್ಲ. ಆದ್ದರಿಂದ ಇದು ಮನಸ್ಸಿನ ಕಾಯಿಲೆ ಇರಬಹುದೆಂದು ನಾನಾಗಲಿ ಮನೆಯವರಾಗಲಿ ಊಹಿಸಲಿಲ್ಲ. ಎಂಡೋಸ್ಕೋಪಿ ಆಯಿತು, ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆಗಳಾದವು. ಎಲ್ಲವೂ ಸರಿಯಾಗಿಯೇ ಇದ್ದವು. ಕೊನೆಗೆ ನಮ್ಮ ಬಡಾವಣೆಯ ಹಿರಿಯ ವೈದ್ಯರೊಬ್ಬರು ವರದಿಗಳನ್ನು ಬದಿಗಿರಿಸಿ ಎರಡು ಪ್ರಶ್ನೆ ಕೇಳಿದರು: ‘ಕಳೆದ ಎರಡು ವಾರದಲ್ಲಿ ಯಾವುದರಲ್ಲಾದರೂ ಆಸಕ್ತಿ ಮೂಡಿತ್ತೆ? ಮನಸ್ಸು ಕುಗ್ಗಿದಂತೆ, ಮುಂದೆ ಏನೂ ಇಲ್ಲವೆನ್ನುವಂತೆ ಅನಿಸಿದೆಯೆ?’ ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ನನಗಿಂತ ಮೊದಲೇ ಉತ್ತರ ಕೊಟ್ಟಳು.

ನಂತರ ಅವರು ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯು-9 ಎಂದು ಕರೆಯಲಾಗುವ, 2001ರಲ್ಲಿ ಪ್ರಕಟವಾದ ಈ ಪ್ರಶ್ನಾವಳಿಯನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ದಾಟಿದರೆ ತಜ್ಞರು ನೋಡಬೇಕಾದ ಸ್ಥಿತಿ ಎಂದು ಅರ್ಥ. ನನ್ನದು 17 ಇತ್ತು. ಒಂಬತ್ತನೆಯ ಪ್ರಶ್ನೆ, ಬದುಕಿರುವುದಕ್ಕಿಂತ ಸಾಯುವುದು ಮೇಲು ಎಂಬ ಯೋಚನೆ ಬಂದಿದೆಯೆ ಎಂಬುದು. ಅಲ್ಲಿ ನನ್ನ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ‘ಕೆಲವು ದಿನ’ ಎಂಬಲ್ಲಿ ಗುರುತು ಹಾಕಿದೆ. ಮನೆಯಲ್ಲಿ ಯಾರಿಗೂ ಹೇಳಿರದ ಮಾತನ್ನು ಹಾಗೆ ಒಂದು ಹಾಳೆಗೆ ಮೊದಲು ಹೇಳಿದೆ.

ಖಿನ್ನತೆಯನ್ನು ಗುರುತಿಸುವ ಬಗೆಯನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಮನಸ್ಸು ದಿನದ ಬಹುಪಾಲು ಕುಗ್ಗಿರುವುದು ಮತ್ತು ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಹೋಗುವುದು ಮುಖ್ಯ ಲಕ್ಷಣಗಳು. ನಿದ್ರೆಯಲ್ಲಿ ಏರುಪೇರು, ಹಸಿವಿನಲ್ಲಿ ಅಥವಾ ತೂಕದಲ್ಲಿ ವ್ಯತ್ಯಾಸ, ಕಾರಣವಿಲ್ಲದ ದಣಿವು, ಏಕಾಗ್ರತೆ ಇಲ್ಲದಿರುವುದು, ತಾನು ನಿಷ್ಪ್ರಯೋಜಕ ಎಂಬ ಅಥವಾ ಎಲ್ಲಕ್ಕೂ ತಾನೇ ಕಾರಣ ಎಂಬ ಭಾವನೆ, ಮಾತು-ನಡೆ ನಿಧಾನವಾಗುವುದು ಅಥವಾ ವಿಪರೀತ ಚಡಪಡಿಕೆ, ಸಾವಿನ ಯೋಚನೆ ಉಳಿದ ಏಳು. ಮುಖ್ಯ ಲಕ್ಷಣಗಳಲ್ಲಿ ಒಂದಾದರೂ ಸೇರಿ ಒಟ್ಟು ಐದು ಲಕ್ಷಣಗಳು ಕನಿಷ್ಠ ಎರಡು ವಾರ ನಿರಂತರವಾಗಿದ್ದು, ದಿನನಿತ್ಯದ ಬದುಕಿಗೆ ಅಡ್ಡಿಯಾಗುತ್ತಿದ್ದರೆ ಅದು ಕಾಯಿಲೆ. ಹತ್ತಿರದವರನ್ನು ಕಳೆದುಕೊಂಡ ದುಃಖ ಬೇರೆ. ಆ ದುಃಖ ಅಲೆಯಂತೆ ಬಂದು ಹೋಗುತ್ತದೆ; ನಡುವೆ ಮೊಮ್ಮಗುವಿನ ಮಾತಿಗೆ ನಗು ಬರುತ್ತದೆ. ಖಿನ್ನತೆಯಲ್ಲಿ ಆ ನಡುವಿನ ಬಿಡುವು ಇಲ್ಲವಾಗುತ್ತದೆ.

ನಮ್ಮಲ್ಲಿ ಖಿನ್ನತೆ ಹೆಚ್ಚಾಗಿ ದೇಹದ ಭಾಷೆಯಲ್ಲಿಯೇ ಮಾತನಾಡುತ್ತದೆ ಎಂಬುದನ್ನು ಗಮನಿಸಬೇಕು. ಮೈಕೈ ನೋವು, ಗ್ಯಾಸ್ಟ್ರಿಕ್, ಎದೆ ಭಾರ, ತಲೆಸುತ್ತು, ನಿಶ್ಶಕ್ತಿ: ಇವು ರೋಗಿ ವೈದ್ಯರಿಗೆ ಹೇಳುವ ಮಾತುಗಳು. ಗಂಡಸರಲ್ಲಿ ಅದು ಸಿಡುಕಾಗಿ, ಹೆಚ್ಚಿದ ಕುಡಿತವಾಗಿ ಕಾಣಿಸಿಕೊಳ್ಳಬಹುದು. ವಯಸ್ಸಾದವರಲ್ಲಿ ಮರೆವಿನಂತೆ ಕಾಣುತ್ತದೆ. ‘ಅರಳು ಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಬಾಣಂತಿಯಲ್ಲಿ ಕಾಣಿಸಿಕೊಂಡರೆ ಮಗುವಿನ ಮೇಲೆ ಪ್ರೀತಿಯಿಲ್ಲದವಳು ಎಂಬ ಅಪವಾದ ಬರುತ್ತದೆ. ಇದರ ಜೊತೆಗೆ ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ, ಕೆಲವು ಔಷಧಿಗಳ ಪರಿಣಾಮ ಕೂಡ ಇಂಥದೇ ಲಕ್ಷಣಗಳನ್ನು ತೋರಬಲ್ಲವು. ಆದ್ದರಿಂದ ಪ್ರಶ್ನಾವಳಿಯನ್ನು ಮನೆಯಲ್ಲಿ ತುಂಬಿ ತಾವೇ ತೀರ್ಮಾನಕ್ಕೆ ಬರುವುದು ಸಲ್ಲದು. ಅದು ವೈದ್ಯರ ಬಳಿಗೆ ಹೋಗಲು ಒಂದು ಕಾರಣವೇ ಹೊರತು ರೋಗನಿರ್ಣಯವಲ್ಲ.

ಇದು ಎಷ್ಟು ಜನರ ಸಮಸ್ಯೆ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಸುಮಾರು 34 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಸಂದರ್ಶಿಸಿದ ಈ ಸಮೀಕ್ಷೆಯ ಪ್ರಕಾರ, ಪ್ರತಿ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದರು. ಸಮೀಕ್ಷೆಯ ಹೊತ್ತಿಗೆ ಶೇ 2.7ರಷ್ಟು ಜನ ಅದರಿಂದ ಬಳಲುತ್ತಿದ್ದರು. ಮಹಿಳೆಯರಲ್ಲಿ, ನಲವತ್ತರಿಂದ ನಲವತ್ತೊಂಬತ್ತರ ವಯೋಮಾನದಲ್ಲಿ, ಮಹಾನಗರಗಳಲ್ಲಿ ಪ್ರಮಾಣ ಹೆಚ್ಚು. ಇದಕ್ಕಿಂತ ನನ್ನನ್ನು ಕಾಡಿದ ಅಂಕಿ ಇನ್ನೊಂದು. ಖಿನ್ನತೆಯಿದ್ದವರಲ್ಲಿ ಸುಮಾರು ಶೇ 85ರಷ್ಟು ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದನ್ನು ಪೂರೈಕೆಯ ಕೊರತೆ ಎನ್ನಬಹುದು. ಆದರೆ ಇಲ್ಲಿ ಬೇಡಿಕೆಯೂ ಮೇಲಕ್ಕೆ ಬರುವುದಿಲ್ಲ. ಕಾಯಿಲೆಯ ಲಕ್ಷಣವೇ ‘ನನಗೆ ಯಾವುದೂ ಬೇಡ, ಯಾವುದರಿಂದಲೂ ಪ್ರಯೋಜನವಿಲ್ಲ’ ಎಂಬ ಭಾವನೆಯಾಗಿರುವಾಗ ರೋಗಿ ತಾನಾಗಿ ಬಾಗಿಲು ತಟ್ಟುತ್ತಾನೆಂದು ನಿರೀಕ್ಷಿಸುವುದೇ ತಪ್ಪು. ಗುರುತಿಸುವ ಹೊಣೆ ಹತ್ತಿರದವರ ಮೇಲೆ ಬೀಳುತ್ತದೆ.

ಹತ್ತಿರದವರು ಸಾಮಾನ್ಯವಾಗಿ ಮಾಡುವುದೇನು? ಉಪದೇಶ. ‘ಧೈರ್ಯ ತಂದುಕೊ’, ‘ನಿನಗೇನು ಕಡಿಮೆಯಾಗಿದೆ’, ‘ದೇವಸ್ಥಾನಕ್ಕೆ ಹೋಗಿ ಬಾ’, ‘ನಾಲ್ಕು ದಿನ ಊರಿಗೆ ಹೋಗು’. ಇವನ್ನು ಆಡುವವರ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ, ನಾನೂ ಆಡಿದವನೇ. ಆದರೆ ಕಾಯಿಲೆಯ ಒಳಗಿನಿಂದ ಈ ಮಾತುಗಳು ಬೇರೆ ರೀತಿ ಕೇಳಿಸುತ್ತವೆಂಬುದು ನನಗೆ ತಿಳಿದದ್ದು ಕೇಳುವ ಜಾಗದಲ್ಲಿ ಕುಳಿತ ಮೇಲೆ. ಏನೂ ಕಡಿಮೆಯಿಲ್ಲದಿದ್ದರೂ ಹೀಗಾಗಿದ್ದೇನೆಂದರೆ ದೋಷ ನನ್ನದೇ ಎಂದು ರೋಗಿ ತೀರ್ಮಾನಿಸುತ್ತಾನೆ. ಅಪರಾಧಿ ಭಾವ ಕಾಯಿಲೆಯ ಒಂದು ಲಕ್ಷಣವೆಂದು ಮೇಲೆ ಹೇಳಿದೆ. ಉಪದೇಶ ಅದನ್ನು ಇನ್ನಷ್ಟು ಬೆಳೆಸುತ್ತದೆ.

ವೈದ್ಯರು ನನ್ನನ್ನು ಮನೋವೈದ್ಯರ ಬಳಿಗೆ ಕಳುಹಿಸಿದರು. ಅವರು ಒಂದು ಮಾತ್ರೆಯನ್ನು ಆರಂಭಿಸಿ, ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು, ನಡುವೆ ನೀವಾಗಿ ನಿಲ್ಲಿಸಬಾರದು ಎಂದು ಎಚ್ಚರಿಸಿದರು. ಜೊತೆಗೆ ಚಿಕಿತ್ಸಾ ಮನೋವಿಜ್ಞಾನಿಯೊಬ್ಬರನ್ನು ವಾರಕ್ಕೊಮ್ಮೆ ಕಾಣಲು ಹೇಳಿದರು. ಆಕೆ ನನ್ನ ಮಗಳಿಗಿಂತ ಚಿಕ್ಕವರು. ಜಿಲ್ಲೆಗಳನ್ನು ಆಳಿಬಂದ ನನಗೆ ಈ ಹುಡುಗಿ ಹೇಳುವಂಥದ್ದೇನಿದೆ ಎಂಬ ಅಹಂಕಾರದೊಂದಿಗೇ ಒಳಗೆ ಹೋದೆ. ಆಕೆ ಏನನ್ನೂ ಹೇಳಲಿಲ್ಲ, ಕೇಳಿದರು. ಮೊದಲ ದಿನದ ಐವತ್ತು ನಿಮಿಷದಲ್ಲಿ ನಲವತ್ತು ನಿಮಿಷ ನಾನೇ ಮಾತನಾಡಿದ್ದೆನೆಂದು ಹೊರಬಂದ ಮೇಲೆ ಗೊತ್ತಾಯಿತು.

ಮನೋಚಿಕಿತ್ಸೆ ಎಂದರೆ ಸಮಾಧಾನದ ಮಾತು ಎಂಬ ಕಲ್ಪನೆ ಓದಿದವರಲ್ಲಿಯೂ ಇದೆ. ನಾನು ಕಂಡದ್ದು ಅದಲ್ಲ. ಮೊದಲ ವಾರ ನನಗೆ ಸಿಕ್ಕಿದ್ದು ಒಂದು ಕೆಲಸ: ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಂಟೆಗೆ ಏನು ಮಾಡಿದೆನೆಂದು ಬರೆಯುವುದು, ಆಗ ಮನಸ್ಸು ಹೇಗಿತ್ತೆಂದು ಹತ್ತಕ್ಕೆ ಅಂಕ ಕೊಡುವುದು. ವಾರದ ಕೊನೆಗೆ ಆ ಪಟ್ಟಿಯನ್ನು ಇಬ್ಬರೂ ಕೂತು ನೋಡಿದೆವು. ಎಲ್ಲ ದಿನವೂ ಒಂದೇ ರೀತಿ ಕೆಟ್ಟದಾಗಿತ್ತು ಎಂದು ನಾನು ಹೇಳಿದ್ದೆ. ಪಟ್ಟಿ ಹಾಗೆ ಹೇಳುತ್ತಿರಲಿಲ್ಲ. ಗಿಡಗಳಿಗೆ ನೀರು ಹಾಕಿದ ಎರಡು ಸಂಜೆ ಅಂಕ ತುಸು ಮೇಲಿತ್ತು. ಮುಂದಿನ ವಾರಕ್ಕೆ ದಿನಕ್ಕೊಂದು ಸಣ್ಣ ಕೆಲಸ ನಿಗದಿಯಾಯಿತು: ಇಪ್ಪತ್ತು ನಿಮಿಷದ ನಡಿಗೆ, ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನು, ಬ್ಯಾಂಕಿನ ಆ ಅರ್ಜಿ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಕೆಲಸ ಮಾಡಿ ಮನಸ್ಸು ಬರಿಸಿಕೊಳ್ಳುವ ಈ ವಿಧಾನಕ್ಕೆ ಶಾಸ್ತ್ರದಲ್ಲಿ ಚಟುವಟಿಕೆಯ ಪುನಶ್ಚೇತನ ಎನ್ನುವ ಅರ್ಥದ ಹೆಸರಿದೆ.

ನಾಲ್ಕನೆಯ ಭೇಟಿಯ ನಂತರ ಯೋಚನೆಗಳ ಸರದಿ ಬಂತು. ‘ನಾನು ಯಾರಿಗೂ ಬೇಡದವನು, ನಲವತ್ತು ವರ್ಷದ ಬದುಕು ವ್ಯರ್ಥ’ ಎಂಬುದು ನನ್ನ ತಲೆಯಲ್ಲಿ ಸುತ್ತುತ್ತಿದ್ದ ವಾಕ್ಯ. ಆಕೆ ಅದನ್ನು ಕಾಗದದ ಮೇಲೆ ಬರೆಸಿದರು. ಅದು ಸುಳ್ಳು ಎಂದು ಹೇಳಲಿಲ್ಲ. ನೀವು ಎಷ್ಟು ದೊಡ್ಡ ಮನುಷ್ಯರು ಎಂದೂ ಹೊಗಳಲಿಲ್ಲ. ‘ಇದಕ್ಕೆ ಸಾಕ್ಷ್ಯ ಏನಿದೆ, ಇದರ ವಿರುದ್ಧ ಏನಿದೆ, ಎರಡನ್ನೂ ಬರೆಯೋಣ ಸಾರ್’ ಎಂದರು. ನಾನು ಒಂದು ಕಡೆಯದನ್ನು ಮಾತ್ರ ಬರೆದು ನಿಲ್ಲಿಸಿದಾಗ ಆಕೆ ಕೇಳಿದ ಪ್ರಶ್ನೆ ಇದು: ‘ನೀವು ಕೋರ್ಟು ನಡೆಸುತ್ತಿದ್ದಾಗ ಒಂದೇ ಪಕ್ಷದ ಮಾತು ಕೇಳಿ ಆದೇಶ ಮಾಡುತ್ತಿದ್ದಿರಾ ಸಾರ್?’

ಏಕಪಕ್ಷೀಯ ಆದೇಶ. ಕಂದಾಯ ನ್ಯಾಯಾಲಯದಲ್ಲಿ ಅಂಥ ಎಷ್ಟೋ ಆದೇಶಗಳನ್ನು ನಾನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿದ್ದೆ. ನನ್ನ ಮನಸ್ಸು ನನ್ನ ಮೇಲೆಯೇ ಅಂಥದೊಂದು ಆದೇಶ ಹೊರಡಿಸಿ ತಿಂಗಳುಗಟ್ಟಲೆ ಅದನ್ನು ಜಾರಿ ಮಾಡುತ್ತಿತ್ತೆಂಬುದು ಅಂದು ಅರಿವಾಯಿತು. ಅದೇ ಕ್ಷಣ ಶಿರಸ್ತೇದಾರರ ನೆನಪೂ ಬಂತು. ಅವರು ತಮ್ಮ ಮೇಲೆ ತಾವೇ ಹೊರಡಿಸಿಕೊಂಡಿದ್ದ ಆದೇಶಕ್ಕೆ ನಾನು ಮೇಲಧಿಕಾರಿಯಾಗಿ ಸಹಿ ಹಾಕಿದ್ದೆ. ಅದನ್ನು ಆಕೆಗೆ ಹೇಳಿದೆ. ಆಗಲೂ ಆಕೆ ‘ಹೋಗಲಿ ಬಿಡಿ’ ಎನ್ನಲಿಲ್ಲ. ‘ಅವರು ಇವತ್ತು ನಿಮ್ಮೆದುರು ಬಂದರೆ ಏನು ಕೇಳುತ್ತೀರಿ?’ ಎಂದಷ್ಟೇ ಕೇಳಿದರು.

ಈ ವಿಧಾನಕ್ಕೆ ಅರಿವಿನ ವರ್ತನಾ ಚಿಕಿತ್ಸೆ ಎಂದು ಹೆಸರು. ಸಿಬಿಟಿ ಎಂಬ ಸಂಕ್ಷಿಪ್ತನಾಮ ಹೆಚ್ಚು ಪ್ರಚಲಿತ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೋವೈದ್ಯರಾಗಿದ್ದ ಆರನ್ ಬೆಕ್ ಅರವತ್ತರ ದಶಕದಲ್ಲಿ ಇದಕ್ಕೆ ಬುನಾದಿ ಹಾಕಿದರು. ಮೂಲತಃ ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಯಲ್ಲಿ ತರಬೇತಾದ ಅವರು, ಖಿನ್ನತೆ ಎಂದರೆ ಒಳಮುಖವಾದ ಕೋಪ ಎಂಬ ಆ ಪರಂಪರೆಯ ಸಿದ್ಧಾಂತವನ್ನು ರೋಗಿಗಳ ಕನಸುಗಳ ಮೂಲಕ ಪರೀಕ್ಷಿಸಲು ಹೊರಟರು. ಸಿಕ್ಕಿದ್ದು ಕೋಪವಲ್ಲ, ಸೋಲು ಮತ್ತು ನಷ್ಟದ ಚಿತ್ರಗಳು. ರೋಗಿಯ ಮನಸ್ಸಿನಲ್ಲಿ ತನ್ನ ಬಗ್ಗೆ, ಲೋಕದ ಬಗ್ಗೆ, ಭವಿಷ್ಯದ ಬಗ್ಗೆ ತಾನೇ ತಾನಾಗಿ ಹುಟ್ಟುವ ಕಹಿ ಯೋಚನೆಗಳನ್ನು ಅವರು ಗುರುತಿಸಿದರು. 1979ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಗ್ರಂಥದಲ್ಲಿ ಚಿಕಿತ್ಸೆಯ ಕ್ರಮವನ್ನು ಹಂತಹಂತವಾಗಿ ವಿವರಿಸಿದರು. 2021ರಲ್ಲಿ, ನೂರು ತುಂಬಿದ ವರ್ಷದಲ್ಲೇ ಅವರು ತೀರಿಕೊಂಡರು. ಸಿಬಿಟಿಯೊಂದೇ ಮಾರ್ಗವಲ್ಲ. ಮುಖ್ಯ ಸಂಬಂಧವೊಂದರ ಬಿರುಕು, ಅಗಲಿಕೆ, ಬದುಕಿನ ಪಾತ್ರ ಬದಲಾಗುವುದು ಇಂಥವುಗಳ ಮೇಲೆ ಗಮನವಿಡುವ ಅಂತರ್ವ್ಯಕ್ತಿ ಚಿಕಿತ್ಸೆ ಎಂಬುದೂ ಇದೆ; ಅದಕ್ಕೂ ಗಟ್ಟಿ ಆಧಾರವಿದೆ.

ಮನೋಚಿಕಿತ್ಸೆಯ ಮಿತಿಗಳನ್ನೂ ಹೇಳಬೇಕು. ಸೌಮ್ಯ ಖಿನ್ನತೆಗೆ ಅದೊಂದೇ ಸಾಕಾಗಬಹುದು. ಮಧ್ಯಮ ಮತ್ತು ತೀವ್ರ ಸ್ಥಿತಿಯಲ್ಲಿ ಔಷಧಿ ಮತ್ತು ಮನೋಚಿಕಿತ್ಸೆ ಎರಡೂ ಸೇರಿದರೆ ಹೆಚ್ಚು ಫಲ. ಊಟ ಬಿಟ್ಟು, ಮಾತು ಬಿಟ್ಟು ಮಲಗಿದವರಿಗೆ, ಭ್ರಮೆಗಳು ಕಾಣಿಸಿಕೊಂಡವರಿಗೆ ಮೊದಲು ಬೇಕಾದದ್ದು ವೈದ್ಯಕೀಯ ಆರೈಕೆ. ಹಿಂದೆ ಎಂದಾದರೂ ವಿಪರೀತ ಉತ್ಸಾಹ, ನಿದ್ರೆಯೇ ಬೇಡವಾದ ದಿನಗಳು, ಕೈಮೀರಿದ ಖರ್ಚು ಇದ್ದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅದು ಬೈಪೋಲಾರ್ ಎಂಬ ಬೇರೆ ಕಾಯಿಲೆಯಿರಬಹುದು, ಅದರ ಔಷಧಿಯೇ ಬೇರೆ. ಎಲ್ಲರಿಗೂ ಗುಣವಾಗುತ್ತದೆಂಬ ಭರವಸೆಯನ್ನೂ ಯಾರೂ ಕೊಡಲಾರರು. ಆದರೆ ಮನೋಚಿಕಿತ್ಸೆಯಲ್ಲಿ ಕಲಿತ ಕ್ರಮ ಚಿಕಿತ್ಸೆ ಮುಗಿದ ಮೇಲೂ ಕೈಯಲ್ಲಿ ಉಳಿಯುತ್ತದೆ. ಕಾಯಿಲೆ ಮರುಕಳಿಸುವ ಸಾಧ್ಯತೆಯನ್ನು ಅದು ತಗ್ಗಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ನನಗೆ ಒಟ್ಟು ಹದಿನಾಲ್ಕು ಭೇಟಿಗಳು ಬೇಕಾದವು. ಏಳನೆಯ ವಾರದಲ್ಲಿ ಒಂದು ಬೆಳಗ್ಗೆ ಐದೂವರೆಯವರೆಗೆ ನಿದ್ರೆ ಮಾಡಿದೆ. ನಡುವೆ ಎರಡು ವಾರ ಮತ್ತೆ ಕುಸಿದೆ. ಚೇತರಿಕೆ ನೇರ ರೇಖೆಯಲ್ಲಿ ಸಾಗುವುದಿಲ್ಲ.

ನನಗೆ ಪಿಂಚಣಿ ಇತ್ತು, ಬೆಂಗಳೂರಿನಲ್ಲಿ ಮನೆಯಿತ್ತು. ವಾರವಾರ ಶುಲ್ಕ ತೆತ್ತು ತಜ್ಞರನ್ನು ಕಾಣಬಲ್ಲವನಾಗಿದ್ದೆ. ತಾಲ್ಲೂಕು ಕೇಂದ್ರದ ಶಿರಸ್ತೇದಾರನ, ಗಾರ್ಮೆಂಟ್ಸ್ ಕಾರ್ಮಿಕಳ ಗತಿಯೇನು? ಹದಿನಾಲ್ಕು ಭೇಟಿಗೆ ಬೇಕಾದ ಹಣವೂ ರಜೆಯೂ ಎಷ್ಟು ಜನರ ಬಳಿ ಇವೆ? ಇದಕ್ಕೊಂದು ಉತ್ತರ ನಮ್ಮ ನೆರೆಯ ಗೋವಾದಲ್ಲಿಯೇ ದೊರೆತಿದೆ. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ‘ಸಂಗತ್’ ಸಂಸ್ಥೆಯ ಸಹೋದ್ಯೋಗಿಗಳು ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರತರ ಖಿನ್ನತೆಯಿದ್ದ 495 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ವೈದ್ಯರ ಸುಧಾರಿತ ಆರೈಕೆ ಮಾತ್ರ. ಉಳಿದರ್ಧಕ್ಕೆ ಅದರ ಜೊತೆಗೆ ಆರರಿಂದ ಎಂಟು ಭೇಟಿಗಳ ಸರಳ ಮನೋಚಿಕಿತ್ಸೆ. ನನಗೆ ಹೇಳಿಕೊಟ್ಟಂಥದೇ ಚಟುವಟಿಕೆ ಆಧಾರಿತ ಕ್ರಮ ಅದು. ಅದನ್ನು ನೀಡಿದವರು ಮಾನಸಿಕ ಆರೋಗ್ಯದಲ್ಲಿ ಯಾವ ಪದವಿಯೂ ಇಲ್ಲದ, ಆದರೆ ಕ್ರಮಬದ್ಧ ತರಬೇತಿ ಮತ್ತು ಮೇಲ್ವಿಚಾರಣೆ ಪಡೆದ ಸ್ಥಳೀಯರು. ಮೂರು ತಿಂಗಳ ನಂತರ ಮೊದಲ ಗುಂಪಿನಲ್ಲಿ ಶೇ 39ರಷ್ಟು ಮಂದಿ ಚೇತರಿಸಿಕೊಂಡಿದ್ದರೆ, ಎರಡನೆಯ ಗುಂಪಿನಲ್ಲಿ ಶೇ 64. ಮನೋಚಿಕಿತ್ಸೆ ಶ್ರೀಮಂತರ ವಿಲಾಸ ಎಂಬ ಮಾತಿಗೆ ಇದಕ್ಕಿಂತ ಉತ್ತಮ ಉತ್ತರವಿಲ್ಲ.

ಇದಕ್ಕೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಹಣಕಾಸು ಇಲಾಖೆಯಿಂದ ಬಂದೇ ಬರುತ್ತದೆ. ಬ್ರಿಟನ್ನಿನಲ್ಲಿ ಅದಕ್ಕೆ ಉತ್ತರ ಕೊಟ್ಟವರು ಒಬ್ಬ ಅರ್ಥಶಾಸ್ತ್ರಜ್ಞ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ರಿಚರ್ಡ್ ಲೇಯಾರ್ಡ್ ಮತ್ತು ಸಂಗಡಿಗರು 2006ರ ವರದಿಯಲ್ಲಿ ಮಂಡಿಸಿದ ವಾದ ಸರಳವಾಗಿತ್ತು: ಖಿನ್ನತೆಯಿಂದ ಕೆಲಸ ಬಿಟ್ಟವರಿಗೆ ಸರ್ಕಾರ ಕೊಡುವ ಭತ್ಯೆ ಮತ್ತು ಕಳೆದುಕೊಳ್ಳುವ ತೆರಿಗೆಯನ್ನು ಲೆಕ್ಕ ಹಾಕಿದರೆ, ಮನೋಚಿಕಿತ್ಸೆಯ ವೆಚ್ಚ ತನ್ನನ್ನು ತಾನೇ ತೀರಿಸಿಕೊಳ್ಳುತ್ತದೆ. ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಅವರೊಡನೆ ಸೇರಿ ಅವರು ರೂಪಿಸಿದ ಕಾರ್ಯಕ್ರಮ 2008ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಅದರ ಒಂದು ನಿಯಮ ನನಗೆ ಮೆಚ್ಚುಗೆಯಾಗಿದೆ: ಪ್ರತಿ ಭೇಟಿಯಲ್ಲೂ ರೋಗಿಯ ಸ್ಥಿತಿಯನ್ನು ಪ್ರಶ್ನಾವಳಿಯಿಂದ ಅಳೆಯಬೇಕು, ಒಟ್ಟು ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು. ನಮ್ಮ ಆಡಳಿತದಲ್ಲಿ ಎಷ್ಟು ಶಿಬಿರ ನಡೆಸಿದೆವೆಂದು ವರದಿ ಮಾಡುತ್ತೇವೆ. ಎಷ್ಟು ಜನ ಗುಣವಾದರೆಂದು ಕೇಳುವುದಿಲ್ಲ.

ಕರ್ನಾಟಕಕ್ಕೆ ಈ ಕ್ಷೇತ್ರ ಹೊಸತಲ್ಲ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ತರಬೇತಿ ಕೊಟ್ಟು ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಕನ್ನಡದಲ್ಲಿ ಬರೆದು ಈ ವಿಷಯವನ್ನು ಮನೆಮನೆಗೆ ತಲುಪಿಸಿದ್ದಾರೆ. ಆದರೂ ಜಿಲ್ಲಾ ಮಟ್ಟದಲ್ಲಿ ಮಾತ್ರೆ ಸಿಕ್ಕಷ್ಟು ಸುಲಭವಾಗಿ ಮನೋಚಿಕಿತ್ಸೆ ಸಿಗುವುದಿಲ್ಲ. ಗೋವಾದ ಅನುಭವವನ್ನು ಮುಂದಿಟ್ಟುಕೊಂಡು ನಮ್ಮ ಆರೋಗ್ಯ ಕೇಂದ್ರಗಳಲ್ಲಿ ತರಬೇತಾದ ಆಪ್ತ ಸಮಾಲೋಚಕರನ್ನು ನೇಮಿಸಿ, ಅವರ ಕೆಲಸದ ಮೇಲೆ ತಜ್ಞರ ನಿಗಾ ಇರಿಸುವುದು ಅಸಾಧ್ಯವೇನಲ್ಲ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ. ಆದರೆ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣ ಎಂಬ ಷರತ್ತಿರುವ ಪಾಲಿಸಿಯಿಂದ ವಾರಕ್ಕೊಮ್ಮೆ ಹೋಗಿ ಕೂತು ಮಾತನಾಡುವ ಚಿಕಿತ್ಸೆಗೆ ಏನೂ ಸಿಗದು. ಈ ಕಂದರವನ್ನು ಮುಚ್ಚಬೇಕು.

ವ್ಯವಸ್ಥೆ ಸರಿಯಾಗುವವರೆಗೆ ನಾವು ಮಾಡಬಹುದಾದದ್ದೂ ಇದೆ. ಮನೆಯಲ್ಲಿ, ಕಚೇರಿಯಲ್ಲಿ ಯಾರಾದರೂ ಎರಡು ವಾರಕ್ಕೂ ಮಿಕ್ಕಿ ಮೊದಲಿನಂತಿಲ್ಲ ಎನಿಸಿದರೆ ಕೇಳಬೇಕು. ಉತ್ತರ ಬರುವವರೆಗೆ ಸುಮ್ಮನೆ ಕೂರಬೇಕು. ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆಂಬ ಭಯ ಬೇಡ. ಕೇಳಿದಾಗ ಹೆಚ್ಚಿನವರಿಗೆ ಹಗುರವಾಗುತ್ತದೆ, ನನಗೆ ಆಯಿತು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕ, ಮಾತ್ರೆಗಳಂಥವನ್ನು ಕೈಗೆ ಸಿಗದಂತೆ ಇರಿಸಿ, ಅಂದೇ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೂ ಮಾತನಾಡಬಹುದು, ಹಗಲು ರಾತ್ರಿ ಲಭ್ಯ, ಶುಲ್ಕವಿಲ್ಲ. ಮನೋಚಿಕಿತ್ಸೆಗೆ ಹೋಗುವಾಗ ಚಿಕಿತ್ಸಕರ ವಿದ್ಯಾರ್ಹತೆ ಮತ್ತು ನೋಂದಣಿಯನ್ನು ವಿಚಾರಿಸಲು ಸಂಕೋಚ ಪಡಬೇಕಿಲ್ಲ. ನಾಲ್ಕೈದು ಭೇಟಿಯ ನಂತರವೂ ಹೊಂದಿಕೆಯಾಗದಿದ್ದರೆ ಬೇರೆಯವರನ್ನು ನೋಡಬಹುದು. ಅದು ಯಾರ ಸೋಲೂ ಅಲ್ಲ.

ಚಿಕಿತ್ಸೆ ಮುಗಿದ ಮೇಲೆ ಶಿರಸ್ತೇದಾರರ ಊರನ್ನು ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಅವರ ಪತ್ನಿ ಗುರುತು ಹಿಡಿದು, ಒಳಗೆ ಕರೆದು, ಕಾಫಿ ಕೊಟ್ಟರು. ನಾನು ಬಂದ ಕಾರಣವನ್ನು ತಡವರಿಸುತ್ತ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗೆಲ್ಲ ರಾತ್ರಿ ಪೂರ್ತಿ ಜಗಲಿ ಮೇಲೆ ಕೂತಿರೋರು ಸಾರ್. ನಿದ್ದೆ ಬರಲ್ಲ ಅಂತಿದ್ದರು. ನೀವು ಒಬ್ಬರೇ ಅಲ್ಲ, ಮೈಗಳ್ಳತನ ಅಂತ ನಾವೂ ಅಂದಿದೀವಿ’ ಎಂದರು. ನಂತರ ಹೇಗೆ ಸರಿಹೋಯಿತು ಎಂದು ಕೇಳಿದೆ. ‘ಸರಿ ಎಲ್ಲಿ ಹೋಯಿತು? ಅಭ್ಯಾಸ ಆಯಿತು’ ಎಂದರು.

ಕಚೇರಿಗಳಲ್ಲಿ ಇಂದು ನನ್ನ ಸ್ಥಾನದಲ್ಲಿ ಕುಳಿತಿರುವ ಕಿರಿಯ ಅಧಿಕಾರಿಗಳಿಗೆ ನನ್ನದೊಂದು ವಿನಂತಿಯಿದೆ. ಒಳ್ಳೆಯ ಕೆಲಸಗಾರನ ಕೆಲಸ ಇದ್ದಕ್ಕಿದ್ದಂತೆ ಕುಸಿದಾಗ ಕಾರಣ ಕೇಳಿ ನೋಟಿಸಿಗೆ ಸಹಿ ಹಾಕುವ ಮುನ್ನ ಅವರನ್ನು ಕರೆದು ಕೂರಿಸಿ. ಬಾಗಿಲು ಹಾಕಿಕೊಳ್ಳಿ. ಬಾಕಿ ಕಡತಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಇಷ್ಟನ್ನು ಕೇಳಿ: ‘ರಾತ್ರಿ ನಿದ್ದೆ ಬರುತ್ತಿದೆಯೇನ್ರೀ?’